ಔಷಧಕ್ಕೂ ಒಂದು ಉತಾರ

ಕಲಘಟಗಿಯ ಬಣ್ಣದ ತೊಟ್ಟಿಲಿನ ಹೆಸರು ಕೇಳದವರು ನಮ್ಮ ಧಾರವಾಡ ಸೀಮೆಯಲ್ಲಿ ವಿರಳ. ಕೂಸನ್ನು ತೊಟ್ಟಿಲಿಗೆ ಹಾಕುವ ಸಮಾರಂಭಕ್ಕೆಂದು ಅದನ್ನು ಹುಡುಕಿಕೊಂಡು ಇಲ್ಲಿಗೆ ಬರುವವರು ಇಂದಿಗೂ ಉಂಟು. ಬಂದವರು ಏನು ಮಾಡುತ್ತಾರೆಂಬುದನ್ನು ಸ್ವಲ್ಪ ಲಕ್ಷ್ಯಗೊಟ್ಟು ನೋಡಬೇಕು. ಕಟ್ಟಿಗೆಯನ್ನು ತಟ್ಟಿ ಅದರ ಸಪ್ಪಳ ಕೇಳುತ್ತಾರೆ. ಮೂಲೆಯ ಕೂಡುಗಳನ್ನು ಅಲುಗಿಸುತ್ತಾರೆ. ಅರಗಿನ ಬಣ್ಣದ ಮೇಲೆ ಬೆರಳಾಡಿಸುತ್ತಾರೆ. ತೊಟ್ಟಿಲಿನ ಗುಣಾವಗುಣಗಳು ಕಣ್ಣಿಗೂ ಕೈಗೂ ನಿಲುಕುವಂಥವು. ಮಾಡಿದವನು ಎದುರಿಗೇ ಇರುತ್ತಾನೆ. ಸಂಶಯ ಬಂದರೆ ಕೇಳಬಹುದು.

ಅದೇ ಕೂಸಿನ ತಾಯಿಗೆ ಹೆರಿಗೆಯ ಕಾಲಕ್ಕೆ ಆಸ್ಪತ್ರೆಯಲ್ಲಿ ಹಚ್ಚಿದ ಸಲೈನ್ ಬಾಟಲಿಯ ಸಂಗತಿ ಹೀಗಲ್ಲ. ಶುದ್ಧವಾದ ದ್ರಾವಣವೂ ನೀರಿನಂತೆ ತಿಳಿಯಾಗಿರುತ್ತದೆ. ಹನಿಹನಿಯಲ್ಲಿ ಸಾವಿರಾರು ಸೂಕ್ಷ್ಮಜೀವಿಗಳು ಸೇರಿದ ದ್ರಾವಣವೂ ಎಷ್ಟೋ ಸಲ ಹಾಗೆಯೇ ತಿಳಿಯಾಗಿ ಕಾಣುತ್ತದೆ. ಹಾಗಾದರೆ ದಾದಿಯು ಯಾವದನ್ನು ನಂಬಿ ಸೂಜಿಯನ್ನು ಚುಚ್ಚುತ್ತಾಳೆ? ಬಾಟಲಿಗೆ ಅಂಟಿಸಿದ ಚೀಟಿಯನ್ನು. ಚೀಟಿಯ ಮೇಲಿನ ಬ್ಯಾಚ್ ನಂಬರನ್ನು. ಆ ನಂಬರಿನ ಹಿಂದೆ, ಎಲ್ಲಿಯೋ ದೂರದ ಕಾರ್ಖಾನೆಯಲ್ಲಿ ಕಾಯ್ದಿಟ್ಟ ದಫ್ತರವನ್ನು. ಔಷಧಗಳ ಈ ದಫ್ತರವು ಹೇಗಿರಬೇಕು, ಅದನ್ನು ಕಾಯುವದು ಹೇಗೆ ಎಂಬುದೇ ಈ ಲೇಖನದ ವಿಷಯವಾಗಿದೆ.

ಪರೀಕ್ಷೆ ಮಾಡಿದರೆ ಸಾಲದೆ?

“ದಫ್ತರವೇಕೆ? ಔಷಧವನ್ನೇ ಪರೀಕ್ಷಿಸಿ ನೋಡಿದರಾಯಿತು” ಎಂದು ವಾಚಕರು ಕೇಳಬಹುದು. ಪ್ರಶ್ನೆಯು ನ್ಯಾಯವಾದದ್ದೇ. ಆದರೆ ಬಾಟಲಿಯಲ್ಲಿ ಸೂಕ್ಷ್ಮಜೀವಿಗಳು ಇವೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಅದನ್ನು ಒಡೆದು, ಅದರೊಳಗಿನ ದ್ರಾವಣವನ್ನು ಜೀವಾಣುಗಳು ಬೆಳೆಯುವಂಥ ಪೋಷಕ ರಸಕ್ಕೆ ಸೇರಿಸಿ, ೧೪ ದಿನ ಕಾಯಬೇಕು. ಪರೀಕ್ಷಿಸಿದ ಬಾಟಲಿಯು ರೋಗಿಗೆ ಉಪಯೋಗವಿಲ್ಲ. ರೋಗಿಗೆ ಹೋಗುವ ಬಾಟಲಿಯು ಪರೀಕ್ಷೆಯಾದದ್ದಲ್ಲ. ಎಲ್ಲವನ್ನೂ ಪರೀಕ್ಷಿಸಿದರೆ ಮಾರಲು ಒಂದೂ ಉಳಿಯುವದಿಲ್ಲ. ಆದುದರಿಂದ ಸಾವಿರಾರು ಬಾಟಲಿಗಳ ಬ್ಯಾಚಿನಿಂದಲೂ ಈ ಪರೀಕ್ಷೆಗೆಂದು ತೆಗೆಯುವದು ಸಾಮಾನ್ಯವಾಗಿ ೨೦ಕ್ಕೆ ಮಿಕ್ಕುವದಿಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಒಂದು ಬ್ಯಾಚಿನಲ್ಲಿ ನೂರಕ್ಕೆ ಒಂದು ಬಾಟಲಿ ಕೆಟ್ಟಿದೆಯೆಂದು ಇಟ್ಟುಕೊಳ್ಳಿರಿ. ಕೈಗೆ ಸಿಕ್ಕ ಒಂದು ಬಾಟಲಿ ಒಳ್ಳೆಯದಾಗಿರುವ ಸಂಭವ ೦.೯೯. ಇಪ್ಪತ್ತೂ ಒಳ್ಳೆಯವಾಗಿರುವ ಸಂಭವವನ್ನು ತಿಳಿಯಲು ೦.೯೯ನ್ನು ಇಪ್ಪತ್ತು ಸಲ ಗುಣಿಸಬೇಕು. ಉತ್ತರ ಸುಮಾರು ೦.೮೨. ಅಂದರೆ ಇಂಥ ಕೆಟ್ಟ ಬ್ಯಾಚುಗಳು ನೂರು ಬಂದರೆ ಅವುಗಳಲ್ಲಿ ೮೨ ಪರೀಕ್ಷೆಯಲ್ಲಿ ನಿರಾತಂಕವಾಗಿ ಉತ್ತೀರ್ಣವಾಗುವವು! ಸಾವಿರಕ್ಕೆ ಒಂದು ಕೆಟ್ಟಿದ್ದರಂತೂ ನೂರರಲ್ಲಿ ೯೮ ಉತ್ತೀರ್ಣ. ಪ್ರಯೋಗಶಾಲೆಯವರ ಅಲಕ್ಷ್ಯದಿಂದ ಹೀಗಾಗುವದಲ್ಲ. ಇದು ಗಣಿತದ ನಿಯಮ.

ಕೊನೆಯ ಪರೀಕ್ಷೆಯೊಂದನ್ನೇ ನಂಬುವಂತಿಲ್ಲವೆಂದ ಮೇಲೆ ನಂಬತಕ್ಕದ್ದು ತಯಾರಿಕೆಯ ಪ್ರತಿಯೊಂದು ಹೆಜ್ಜೆಯನ್ನು. ನೀರು ಎಲ್ಲಿಯದು, ಉಪ್ಪನ್ನು ತೂಗಿದವರು ಯಾರು, ತೂಕವನ್ನು ಸರಿನೋಡಿದವರು ಯಾರು, ಯಾವ ಯಂತ್ರದಲ್ಲಿ, ಎಷ್ಟು ಉಷ್ಣತೆಯಲ್ಲಿ, ಎಷ್ಟು ಹೊತ್ತು ಕಾಯಿಸಿದರು — ಇವೆಲ್ಲವುಗಳ ಬರಹಕ್ಕೆ ಬ್ಯಾಚ್ ದಾಖಲೆಯೆಂದು ಹೆಸರು. ಹೆಜ್ಜೆ ಮುಗಿದು ಹೋಗುತ್ತದೆ, ಬರಹವೊಂದೇ ಉಳಿಯುತ್ತದೆ. ಔಷಧ ತಯಾರಿಕೆಯವರಲ್ಲಿ ಒಂದು ಮಾತು ರೂಢಿಯಲ್ಲಿದೆ: ಬರೆಯದಿದ್ದರೆ ಅದು ನಡೆಯಲೇ ಇಲ್ಲ.

ಉಗಿಯ ಪೆಟ್ಟಿಗೆ ಹೇಳಿದ ಸತ್ಯ

ಬರೆದುದನ್ನು ನಂಬದಿದ್ದರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಒಂದು ದುರ್ಘಟನೆ ಸಾಕ್ಷಿಯಾಗಿದೆ. ೧೯೭೧ರ ಏಪ್ರಿಲದಲ್ಲಿ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಶೇಕಡಾ ೫ರ ಡೆಕ್ಸ್ಟ್ರೋಸ್ ದ್ರಾವಣದ ಬಾಟಲಿಗಳನ್ನು ಆಟೋಕ್ಲೇವ್ ಎಂಬ ಉಗಿಯ ಪೆಟ್ಟಿಗೆಯಲ್ಲಿಟ್ಟು ಕಾಯಿಸಿದರು. ನಮ್ಮ ಮನೆಯ ಪ್ರೆಶರ್ ಕುಕ್ಕರೂ ಇದೇ ಜಾತಿಯದು. ಒತ್ತಡ ಹೆಚ್ಚಿದಂತೆ ನೀರಿನ ಕುದಿಯುವ ಉಷ್ಣತೆಯೂ ಹೆಚ್ಚುತ್ತದೆ. ವಾತಾವರಣಕ್ಕಿಂತ ಒಂದು ಪಟ್ಟು ಮಿಗಿಲಾದ ಒತ್ತಡದಲ್ಲಿ ಉಗಿ ೧೨೧ ಡಿಗ್ರಿ ಸೆಲ್ಸಿಯಸ್ಸಿಗೆ ಮುಟ್ಟುತ್ತದೆ. ಆ ಉಷ್ಣತೆಯಲ್ಲಿ ೧೫ ನಿಮಿಷ ಇಟ್ಟರೆ ಬಲು ಗಟ್ಟಿ ಜೀವಾಣುಬೀಜಗಳೂ ನಾಶವಾಗುವವು.

ಆದರೆ ಇದಕ್ಕೊಂದು ಕರಾರು ಉಂಟು: ಪೆಟ್ಟಿಗೆಯೊಳಗಿನ ಗಾಳಿಯೆಲ್ಲ ಮೊದಲು ಹೊರಗೆ ಹೋಗಿರಬೇಕು. ಉಗಿಯ ಅಣುತೂಕ ೧೮, ಗಾಳಿಯದು ಸರಾಸರಿ ೨೯. ಭಾರವಾದ ಗಾಳಿಯು ಕೆಳಗೆ ಕೂಡುತ್ತದೆ. ಉಗಿಯು ತಣ್ಣನೆಯ ಬಾಟಲಿಗೆ ತಗುಲಿ ನೀರಾಗುವಾಗ ತನ್ನ ಗುಪ್ತೋಷ್ಣವನ್ನು, ಗ್ರಾಮಿಗೆ ಐದುನೂರಕ್ಕೂ ಮಿಕ್ಕ ಕ್ಯಾಲೊರಿಗಳನ್ನು, ಅದಕ್ಕೆ ಕೊಡುತ್ತದೆ. ಗಾಳಿಯಲ್ಲಿ ಆ ದಾನಗುಣವಿಲ್ಲ. ಒತ್ತಡದ ಮಾಪಕಕ್ಕಾದರೋ ಗಾಳಿಯೂ ಒಂದೇ, ಉಗಿಯೂ ಒಂದೇ. ಹೀಗಾಗಿ ಮುಳ್ಳು ಸರಿಯಾದ ಒತ್ತಡ ತೋರಿಸುತ್ತಿರುವಾಗಲೇ ಕೆಳಸಾಲಿನ ಬಾಟಲಿಗಳು ಸಾಕಷ್ಟು ಕಾಯದೆ ಉಳಿಯಬಹುದು.

ಅಂದು ಆದುದೂ ಹಾಗೆಯೇ. ಪೆಟ್ಟಿಗೆಯ ಕೆಳಭಾಗದ ಉಷ್ಣತೆಯನ್ನು ತಾನಾಗಿ ಕಾಗದದ ಮೇಲೆ ಬರೆಯುವ ಉಪಕರಣವೊಂದು ಇತ್ತು. ಅದರ ಗೆರೆ ಏರಬೇಕಾದಷ್ಟು ಏರಲಿಲ್ಲ. ಕೆಲಸದವರು ಉಪಕರಣವೇ ಕೆಟ್ಟಿದೆಯೆಂದು ಭಾವಿಸಿ ಬೇರೊಂದು ಮಾಪಕವನ್ನು ನಂಬಿದರು. ಪರೀಕ್ಷೆಗೆಂದು ತೆಗೆದ ಬಾಟಲಿಗಳಲ್ಲಿ ದೋಷ ಕಾಣಲಿಲ್ಲ, ಬ್ಯಾಚ್ ಹೊರಬಿದ್ದಿತು. ೧೯೭೨ರ ಮಾರ್ಚದಲ್ಲಿ ಪ್ಲಿಮತ್ ನಗರದ ಡೆವನ್‌ಪೋರ್ಟ್ ಆಸ್ಪತ್ರೆಯಲ್ಲಿ ಆ ದ್ರಾವಣ ಪಡೆದ ರೋಗಿಗಳು ವಿಷಮಿಸಿದರು. ಐವರ ಮರಣಕ್ಕೆ ಅದು ಕಾರಣವಾಯಿತೆಂದು ಎಣಿಸಲಾಯಿತು. ಸತ್ಯವನ್ನು ಹೇಳಿದ ದಾಖಲೆಯೊಂದು ಹನ್ನೊಂದು ತಿಂಗಳುಗಳಿಂದ ಅಲ್ಲಿಯೇ ಇತ್ತು. ಅದನ್ನು ಓದಿ “ಈ ಬ್ಯಾಚನ್ನು ತಡೆಯಿರಿ” ಎನ್ನುವ ಅಧಿಕಾರವಿದ್ದವನ ಕಣ್ಣಿಗೆ ಅದು ಬೀಳುವಂಥ ವ್ಯವಸ್ಥೆ ಮಾತ್ರ ಇರಲಿಲ್ಲ.

ಬಳ್ಳಾರಿಯ ಪಾಠ

ಇದು ದೂರದ ಮಾತೆಂದು ಯಾರೂ ತಿಳಿಯಬಾರದು. ೨೦೨೪ರ ನವೆಂಬರದಲ್ಲಿ ನಮ್ಮ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ತಾಯಂದಿರು ಒಬ್ಬರ ಹಿಂದೊಬ್ಬರು ವಿಷಮಿಸಿದರು. ಐವರು ಬಾಣಂತಿಯರು ತೀರಿಕೊಂಡರು. ಸಂಶಯವು ಅವರಿಗೆ ಹಚ್ಚಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಂದಿತು. ಅದು ಪಶ್ಚಿಮ ಬಂಗಾಳದ ಕಾರ್ಖಾನೆಯೊಂದರಿಂದ ಸರಕಾರದ ವೈದ್ಯಕೀಯ ಸರಬರಾಜು ನಿಗಮದ ಮೂಲಕ ಬಂದುದಾಗಿತ್ತು. ಆಗ ಹೊರಬಿದ್ದ ಸಂಗತಿಯೊಂದು ನಮ್ಮ ವಿಷಯಕ್ಕೆ ಮುಖ್ಯವಾದದ್ದು. ಆ ಕಾರ್ಖಾನೆಯ ಕೆಲವು ಬ್ಯಾಚುಗಳನ್ನು ರಾಜ್ಯದ ಪ್ರಯೋಗಶಾಲೆಯು ಮೊದಲೇ ಗುಣಮಟ್ಟಕ್ಕೆ ಕಡಿಮೆಯೆಂದು ಹೇಳಿತ್ತು. ಉಪಯೋಗಕ್ಕೆ ತಡೆಯೂ ಬಿದ್ದಿತ್ತು. ತಯಾರಕರು ಅದನ್ನು ಪ್ರಶ್ನಿಸಿದ ಮೇಲೆ ಕೇಂದ್ರ ಪ್ರಯೋಗಶಾಲೆಯು ಗುಣಮಟ್ಟ ಸರಿಯಾಗಿದೆಯೆಂದು ವರದಿ ಕೊಟ್ಟಿತು. ತಡೆ ಸಡಿಲಾಯಿತು. ನಮ್ಮ ೧೯೪೦ರ ಔಷಧ ಕಾನೂನಿನಲ್ಲಿ ಹೀಗೆ ಎರಡು ವರದಿಗಳು ಇದಿರಾದಾಗ ಕೇಂದ್ರದ ಮಾತೇ ಕೊನೆಯದು. ದುರಂತದ ನಂತರ ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಲಾಯಿತು.

ಯಾರ ತಪ್ಪು ಎಷ್ಟೆಂದು ತೀರ್ಪು ಹೇಳುವದು ನಮ್ಮ ಕೆಲಸವಲ್ಲ. ಮೇಲೆ ಮಾಡಿದ ಲೆಕ್ಕವನ್ನು ಮಾತ್ರ ವಾಚಕರು ನೆನೆಯಬೇಕು. ಒಂದೇ ಬ್ಯಾಚಿನ ಬೇರೆ ಬೇರೆ ಬಾಟಲಿಗಳನ್ನು ನೋಡಿದ ಇಬ್ಬರು ಪ್ರಾಮಾಣಿಕರು ಬೇರೆ ಬೇರೆ ಉತ್ತರ ಕೊಡುವದು ಸಂಭವನೀಯವೇ ಆಗಿದೆ. ಅಂಥ ಸಮಯದಲ್ಲಿ ಮೂರನೆಯ ಸಾಕ್ಷಿಯೆಂದರೆ ತಯಾರಿಕೆಯ ದಾಖಲೆ: ಆ ದಿನದ ಉಗಿಯ ಪೆಟ್ಟಿಗೆಯ ಗೆರೆ, ಆ ದಿನದ ನೀರಿನ ಪರೀಕ್ಷೆ, ಅದೇ ಕಾರ್ಖಾನೆಯ ಹಿಂದಿನ ಬ್ಯಾಚುಗಳ ಚರಿತ್ರೆ. ಇವು ಒಂದೊಂದು ಊರಿನ ಒಂದೊಂದು ಕಪಾಟಿನಲ್ಲಿ ಬಿದ್ದಿದ್ದರೆ ಪ್ರಯೋಜನವೇನು? ತಡೆ ತೆಗೆಯುವವನ ಮೇಜಿನ ಮೇಲೆ ಎಲ್ಲವೂ ಒಟ್ಟಿಗೆ ಬರಬೇಕು.

ಒಂದೇ ದಫ್ತರ

ಚದುರಿದ ದಾಖಲೆಗಳನ್ನು ಒಂದೆಡೆಗೆ ತರುವದು ಕನ್ನಡಿಗರಿಗೆ ಹೊಸದಲ್ಲ. ನಮ್ಮ ಕಡೆಯ ಜನ ಉತಾರವೆನ್ನುವ ಪಹಣಿ ಪತ್ರಿಕೆಯು ಹಿಂದೆ ಊರ ತಲಾಟಿಯ ಕೈಬರಹದಲ್ಲಿ ಇರುತ್ತಿತ್ತು. ಅವನು ಬರೆದುದೇ ಬರಹ. ಒಂದು ಅಕ್ಷರ ತಿದ್ದಿದರೆ ಹೊಲದ ಒಡೆಯನೇ ಬದಲಾಗುತ್ತಿದ್ದ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ಸುಮಾರು ೬೭ ಲಕ್ಷ ರೈತರ ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಕಲಘಟಗಿಯ ತಹಶೀಲ ಕಚೇರಿಯಲ್ಲಿ ರೈತನು ರೊಕ್ಕ ಕೊಟ್ಟು ಮುದ್ರಿತ ಉತಾರ ಪಡೆಯುವಂತಾಯಿತು. ಇದರಲ್ಲಿ ಜಾಣತನದ ಅಂಶವೊಂದಿತ್ತು: ದಾಖಲೆಯನ್ನು ಬದಲಿಸುವ ನೌಕರನು ತನ್ನ ಬೆರಳಚ್ಚನ್ನು ಯಂತ್ರಕ್ಕೆ ಕೊಟ್ಟೇ ಒಳಗೆ ಹೋಗಬೇಕು. ನಾಳೆ “ನಾನು ಬದಲಿಸಲಿಲ್ಲ” ಎನ್ನಲು ಬಾರದು.

ಔಷಧ ಕಾರ್ಖಾನೆಯ ಕೇಂದ್ರೀಕೃತ ದಫ್ತರವೂ ಇದೇ ತತ್ವದ ಮೇಲೆ ನಿಂತಿದೆ. ಉದಾಹರಣೆಗಾಗಿ, ಉಗಿಯ ಪೆಟ್ಟಿಗೆಯನ್ನು ನಡೆಯಿಸುವ ವಿಧಾನವನ್ನು ತಿದ್ದಿ ೧೫ ನಿಮಿಷದ ಬದಲು ೨೦ ಎಂದು ಗೊತ್ತುಪಡಿಸಿದರೆನ್ನೋಣ. ಕಾಗದದ ಕಾಲದಲ್ಲಿ ಹಳೆಯ ಪ್ರತಿಯೊಂದು ಯಾರದೋ ಖಾನೆಯಲ್ಲಿ ಉಳಿದುಬಿಡುತ್ತಿತ್ತು. ರಾತ್ರಿ ಪಾಳಿಯವನು ಅದನ್ನೇ ನೋಡಿ ಕೆಲಸ ಮಾಡುತ್ತಿದ್ದ. ಕೇಂದ್ರ ದಫ್ತರದಲ್ಲಿ ಹೊಸ ಪ್ರತಿಯು ಒಪ್ಪಿಗೆಯಾದ ಕ್ಷಣದಿಂದ ಎಲ್ಲರ ಎದುರಿಗೂ ಅದೊಂದೇ ಇರುತ್ತದೆ. ಹಳೆಯದು ನಾಶವಾಗುವದಿಲ್ಲ, ಕೆಲಸದಿಂದ ನಿವೃತ್ತವಾಗುತ್ತದೆ. ಯಾರು ಓದಬೇಕು, ಯಾರು ತಿದ್ದಬೇಕು, ಯಾರು ಒಪ್ಪಬೇಕು ಎಂಬುದು ಮೊದಲೇ ಗೊತ್ತಾಗಿರುತ್ತದೆ.

ಅಮೇರಿಕವು ೧೯೯೭ರಲ್ಲಿಯೇ ವಿದ್ಯುನ್ಮಾನ ದಾಖಲೆ ಮತ್ತು ಸಹಿಗಳಿಗೆ ನಿಯಮ ಮಾಡಿತು. ನಮ್ಮಲ್ಲಿ ಒಳ್ಳೆಯ ತಯಾರಿಕೆಯ ರೀತಿಗಳನ್ನು ಹೇಳುವ ‘ಅನುಸೂಚಿ ಎಂ’ ಎಂಬುದನ್ನು ೨೦೨೩ರ ಡಿಸೆಂಬರದಲ್ಲಿ ಪೂರ್ತಿಯಾಗಿ ಪರಿಷ್ಕರಿಸಿ, ಗಣಕಪದ್ಧತಿಗಳಿಗೂ ನಿಯಮ ಹಾಕಲಾಯಿತು. ಅದೇ ವರ್ಷದ ಆಗಸ್ಟ್ ೧ರಿಂದ ಹೆಚ್ಚು ಮಾರಾಟವಾಗುವ ೩೦೦ ಔಷಧಗಳ ಮೇಲೆ ಕ್ಯೂಆರ್ ಚೌಕಳಿ ಕಡ್ಡಾಯವಾಗಿದೆ.

ಅಳಿಸಬೇಡಿ, ಗೆರೆ ಎಳೆಯಿರಿ

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ದಫ್ತರವನ್ನು ಒಂದೆಡೆಗೆ ತಂದರೆ ಸುಳ್ಳೂ ಒಂದೆಡೆಗೆ ಬಂದಂತಾಗಲಿಲ್ಲವೆ? ೨೦೧೩ರ ಮೇ ತಿಂಗಳಲ್ಲಿ ರಾನ್‌ಬಾಕ್ಸಿ ಸಂಸ್ಥೆಯ ಅಮೇರಿಕದ ಶಾಖೆಯು ಅಲ್ಲಿಯ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಒಟ್ಟು ೫೦ ಕೋಟಿ ಡಾಲರು ತೆರಲು ಒಪ್ಪಿದ್ದು, ಸರಕಾರಕ್ಕೆ ಸುಳ್ಳು ಹೇಳಿಕೆ ಕೊಟ್ಟ ಆರೋಪವೂ ಸೇರಿದ್ದ ಮೊಕದ್ದಮೆಯಲ್ಲಿ. ಅಂದ ಮೇಲೆ ದಫ್ತರದ ಬೆಲೆ ಅದರ ಗಾತ್ರದಲ್ಲಿಲ್ಲ, ಅದರ ಪ್ರಾಮಾಣಿಕತೆಯಲ್ಲಿದೆ.

ಇದಕ್ಕೆ ಜಗತ್ತಿನ ಔಷಧೋದ್ಯಮವು ಐದು ಲಕ್ಷಣಗಳನ್ನು ಹೇಳುತ್ತದೆ. ಬರೆದವರು ಯಾರೆಂದು ತಿಳಿಯಬೇಕು, ಓದಲು ಬರುವಂತಿರಬೇಕು, ಕೆಲಸ ನಡೆದ ಹೊತ್ತಿಗೇ ಬರೆದಿರಬೇಕು, ಮೂಲವಾಗಿರಬೇಕು, ನಿಖರವಾಗಿರಬೇಕು. ತಪ್ಪು ಬರೆದರೆ? ಅಳಿಸಬಾರದು, ಮೇಲೆ ಬಿಳಿ ಬಳಿಯಬಾರದು. ಹಳೆಯ ಅಂಕಿ ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಕಾರಣ, ಸಹಿ, ತಾರೀಖು ಹಾಕಬೇಕು. ಗಣಕದಲ್ಲಿಯೂ ಇದೇ ನಿಯಮ: ಪ್ರತಿಯೊಂದು ತಿದ್ದುಪಡಿಯ ಹಳೆಯ ರೂಪ, ಹೊಸ ರೂಪ, ಮಾಡಿದವನ ಹೆಸರು, ಗಳಿಗೆ — ಇಷ್ಟೂ ತಾನಾಗಿ ದಾಖಲಾಗುವದು.

ಇದನ್ನು ಓದುವಾಗ ನಮಗೆ ನಮ್ಮ ಕಾಲೇಜಿನ ಪ್ರಯೋಗಶಾಲೆಯೇ ಕಣ್ಣೆದುರು ನಿಲ್ಲುತ್ತದೆ. ಲೋಲಕದ ಪ್ರಯೋಗದಲ್ಲಿ ಗುರುತ್ವದ ವೇಗೋತ್ಕರ್ಷವು ಸೆಕೆಂಡಿಗೆ ಸೆಕೆಂಡಿಗೆ ೯.೮ ಮೀಟರು ಬರಬೇಕೆಂದು ವಿದ್ಯಾರ್ಥಿಗೆ ಗೊತ್ತು. ೯.೪ ಬಂದರೆ ಅವನು ಎಣಿಕೆಯಲ್ಲಿ ಎಲ್ಲಿ ತಪ್ಪಿದೆನೆಂದು ಹುಡುಕುವದಿಲ್ಲ. ಬ್ಲೇಡಿನಿಂದ ಕಾಲದ ಅಂಕಿಗಳನ್ನು ಕೆರೆದು, ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ಚೊಕ್ಕ ಅಂಕಿಗಳನ್ನು ತುಂಬುತ್ತಾನೆ. ಜರ್ನಲ್ ಅಂದವಾಗಿ ಕಾಣುತ್ತದೆ. ನಿಜ ಹೇಳಬೇಕೆಂದರೆ ಎಷ್ಟೋ ವರ್ಷ ನಾವೂ ಅಂಥ ಅಂದದ ಜರ್ನಲಿಗೇ ಹೆಚ್ಚು ಗುಣ ಕೊಟ್ಟವರು. ಇಲ್ಲಿ ಬಿ.ಎಸ್‌ಸಿ. ಮುಗಿಸಿದ ಹುಡುಗರು ಬೆಂಗಳೂರು, ಗೋವೆಗಳ ಔಷಧ ಕಾರ್ಖಾನೆಗಳ ಗುಣಪರೀಕ್ಷೆಯ ವಿಭಾಗಗಳಲ್ಲಿ ಕೆಲಸಕ್ಕೆ ಸೇರುವದುಂಟು. ಕೆರೆಯುವ ಅಭ್ಯಾಸವನ್ನು ಅವರ ಕೈಗೆ ಕಲಿಸಿದವರು ಯಾರು ಎಂಬ ಪ್ರಶ್ನೆ ನಮ್ಮನ್ನು ಈಚೆಗೆ ಕಾಡತೊಡಗಿದೆ.

ಕಿರ್ದಿಯ ಹಾಳೆಯೂ ಗಣಕದ ಮುದ್ರೆಯೂ

ಮನುಷ್ಯನು ಕದ್ದು ತಿದ್ದಿದರೆ ಯಂತ್ರ ಕಂಡುಹಿಡಿಯಬಲ್ಲುದೆ? ಬಲ್ಲುದು. ಹುಬ್ಬಳ್ಳಿಯ ಅಡತಿ ಅಂಗಡಿಗಳ ಹಳೆಯ ಕಿರ್ದಿ ಪುಸ್ತಕ ನೋಡಿದವರಿಗೆ ಇದರ ಗುಟ್ಟು ಬೇಗ ತಿಳಿಯುವದು. ಒಂದು ಹಾಳೆಯ ಕೊನೆಯ ಶಿಲ್ಕು ಮುಂದಿನ ಹಾಳೆಯ ತಲೆಯ ಮೇಲೆ ಬರುತ್ತದೆ. ನಡುವಿನ ಒಂದು ಅಂಕಿ ತಿದ್ದಿದರೆ ಮುಂದಿನ ಹಾಳೆಗಳೆಲ್ಲ ತಾಳೆ ತಪ್ಪುತ್ತವೆ.

ಗಣಕಶಾಸ್ತ್ರದಲ್ಲಿ ಹ್ಯಾಶ್ ಎಂಬ ಲೆಕ್ಕವು ಈ ಶಿಲ್ಕಿನ ಕೆಲಸ ಮಾಡುತ್ತದೆ. ಎಷ್ಟೇ ದೊಡ್ಡ ದಾಖಲೆಯನ್ನು ಕೊಟ್ಟರೂ ಅದು ಒಂದು ಗೊತ್ತಾದ ಉದ್ದದ ಮುದ್ರೆಯನ್ನು ಕೊಡುತ್ತದೆ. ಬಳಕೆಯಲ್ಲಿರುವ ಒಂದು ರೀತಿಯಲ್ಲಿ ಮುದ್ರೆಯು ೨೫೬ ಸೊನ್ನೆ-ಒಂದುಗಳ ಸಾಲು. ಇಂಥ ಬೇರೆ ಬೇರೆ ಮುದ್ರೆಗಳ ಒಟ್ಟು ಸಂಖ್ಯೆಯನ್ನು ಬರೆಯಲು ೭೮ ಅಂಕಿಗಳು ಬೇಕು. ದಾಖಲೆಯಲ್ಲಿ ೧೧೯ ಡಿಗ್ರಿಯನ್ನು ೧೨೧ ಎಂದು ತಿದ್ದಿದರೆ ಮುದ್ರೆಯ ಹೆಚ್ಚು ಕಡಿಮೆ ಅರ್ಧ ಅಂಕಿಗಳು ಬದಲಾಗುವವು. ಒಂದು ದಾಖಲೆಯ ಮುದ್ರೆಯನ್ನು ಮುಂದಿನ ದಾಖಲೆಯೊಳಗೆ ಸೇರಿಸುತ್ತ ಹೋದರೆ ಸರಪಳಿಯಾಗುತ್ತದೆ. ನಡುವಿನ ಕೊಂಡಿಯನ್ನು ಗುಟ್ಟಾಗಿ ಬದಲಿಸಲು ಬಾರದು.

ಆದರೆ ಯಂತ್ರದ ಸಾಮರ್ಥ್ಯಕ್ಕೂ ಮಿತಿಯಿದೆ. ಬರೆದುದು ಬದಲಾಗಿಲ್ಲವೆಂದು ಮುದ್ರೆ ಹೇಳಬಲ್ಲದು. ಬರೆದುದು ನಿಜವೆಂದು ಅದು ಹೇಳಲಾರದು. ಮೊದಲೇ ಸುಳ್ಳು ಬರೆದರೆ ಆ ಸುಳ್ಳನ್ನೇ ಅದು ಭದ್ರವಾಗಿ ಕಾಯುತ್ತದೆ. ಆದುದರಿಂದಲೇ ಅಂಕಿಗಳು ಸಾಧ್ಯವಾದಷ್ಟು ಮನುಷ್ಯನ ಕೈಗೆ ಸಿಗದೆ ಉಪಕರಣದಿಂದ ನೇರವಾಗಿ ದಫ್ತರಕ್ಕೆ ಹೋಗಬೇಕು. ಗಣಕದ ಬೀಗದ ಕೈ ಔಷಧ ತಯಾರಿಸುವವರ ಹತ್ತಿರ ಇರಕೂಡದು. ಒಬ್ಬನ ಗುಪ್ತಪದವನ್ನು ಹತ್ತು ಜನ ಉಪಯೋಗಿಸಕೂಡದು.

ದಫ್ತರಕ್ಕೆ ಕಾವಲು

ಒಂದೇ ಕಣಜದಲ್ಲಿ ಕಾಳೆಲ್ಲ ತುಂಬಿದವನಿಗೆ ಇಲಿಯ ಭಯ ಹೆಚ್ಚು. ೨೦೧೭ರ ಜೂನ್ ತಿಂಗಳಲ್ಲಿ ಅಮೇರಿಕದ ಮರ್ಕ್ ಔಷಧ ಸಂಸ್ಥೆಯ ಗಣಕಗಳಿಗೆ ದುಷ್ಟ ಕ್ರಮಾವಳಿಯೊಂದು ನುಗ್ಗಿ ತಯಾರಿಕೆಯನ್ನೇ ತಡೆಯಿತು. ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವ ಲಸಿಕೆಯನ್ನು ಸಂಸ್ಥೆಯು ಸರಕಾರದ ಸಂಗ್ರಹದಿಂದ ಕಡ ತರಬೇಕಾಯಿತು. ೨೦೨೨ರ ನವೆಂಬರದಲ್ಲಿ ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯ ಮೇಲೆ ಇಂಥದೇ ದಾಳಿಯಾಗಿ, ಹಲವು ದಿನ ಅಲ್ಲಿಯ ವ್ಯವಹಾರ ಕೈಬರಹದಲ್ಲಿ ನಡೆಯಿತು. ಆದುದರಿಂದ ದಫ್ತರದ ಪ್ರತಿಗಳು ಬೇರೆ ಬೇರೆ ಊರುಗಳಲ್ಲಿರಬೇಕು. ಒಂದು ಪ್ರತಿಯಂತೂ ಯಾವ ತಂತಿಗೂ ಜೋಡಿಸದೆ ಇರಬೇಕು. ಆ ಪ್ರತಿಯಿಂದ ಕೆಲಸ ಪುನಃ ಆರಂಭಿಸಲು ಬರುತ್ತದೆಯೆ ಎಂಬುದನ್ನು ಆಗಾಗ ಮಾಡಿ ನೋಡಬೇಕು.

ದೇಹದೊಳಗೆ ಕೂಡಿಸುವ ಉಪಕರಣಗಳಿಗಂತೂ ದಫ್ತರವು ಇನ್ನೂ ಅವಶ್ಯ. ವಿದೇಶೀ ತಯಾರಿಕೆಯ ಒಂದು ಲೋಹದ ಸೊಂಟದ ಕೀಲನ್ನು ದೋಷದ ಕಾರಣ ೨೦೧೦ರಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಕರೆಯಲಾಯಿತು. ಭಾರತದಲ್ಲಿ ಅದನ್ನು ಕೂಡಿಸಿದ ಶಸ್ತ್ರಕ್ರಿಯೆಗಳು ಸುಮಾರು ೪,೭೦೦. ಮುಂದೆ ಸರಕಾರದ ಸಮಿತಿ ವಿಚಾರಿಸಿದಾಗ ಪತ್ತೆಯಾಗಿದ್ದವರು ಸುಮಾರು ೧,೦೮೦ ಜನ ಮಾತ್ರ. ಉಳಿದವರಿಗೆ ತಮ್ಮ ಸೊಂಟದೊಳಗೆ ಏನಿದೆಯೆಂಬುದು ಗೊತ್ತಿತ್ತೋ ಇಲ್ಲವೋ! ನಮ್ಮ ವೈದ್ಯಕೀಯ ಉಪಕರಣಗಳ ಪ್ರತ್ಯೇಕ ನಿಯಮಗಳು ೨೦೧೭ರಲ್ಲಿ ರಚಿತವಾಗಿ ೨೦೧೮ರ ಜನವರಿ ೧ರಿಂದ ಜಾರಿಗೆ ಬಂದವು.

ಈ ದಫ್ತರದ ಕೊನೆಯ ಹಾಳೆಯು ವಾಚಕರ ಕೈಯಲ್ಲಿಯೇ ಇದೆ. ಔಷಧ ಕೊಂಡಾಗ ಬ್ಯಾಚ್ ನಂಬರವಿರುವ ಬಿಲ್ಲನ್ನು ಕೇಳಿ ಪಡೆಯಿರಿ. ಹೃದಯಕ್ಕೆ ಸ್ಟೆಂಟ್, ಕಣ್ಣಿಗೆ ಮಸೂರ, ಮೊಣಕಾಲಿಗೆ ಕೀಲು ಕೂಡಿಸಿಕೊಂಡವರು ಅದರ ನಂಬರಿನ ಚೀಟಿಯನ್ನು ಹೊಲದ ಉತಾರದಷ್ಟೇ ಜೋಪಾನವಾಗಿ ಪೆಟ್ಟಿಗೆಯಲ್ಲಿಡಿರಿ. ನಾಳೆ ಯಾವದಾದರೊಂದು ಬ್ಯಾಚನ್ನು ಹಿಂದಕ್ಕೆ ಕರೆದರೆ, ಆ ಕರೆಯು ನಿಮ್ಮನ್ನು ಮುಟ್ಟುವ ದಾರಿ ಅದೊಂದೇ.

ನಾವಾದರೂ ಈ ವರ್ಷದಿಂದ ನಮ್ಮ ಪ್ರಯೋಗಶಾಲೆಯಲ್ಲಿ ಬ್ಲೇಡನ್ನೂ ಬಿಳಿ ಬಣ್ಣವನ್ನೂ ನಿಷೇಧಿಸಿದ್ದೇವೆ. ೯.೪ ಬಂದರೆ ೯.೪ ಎಂದೇ ಬರೆಯಬೇಕು. ತಪ್ಪಿದ ಅಂಕಿಯ ಮೇಲೆ ಒಂದು ಗೆರೆ, ಪಕ್ಕದಲ್ಲಿ ಸಹಿ. ಜರ್ನಲುಗಳು ಮೊದಲಿನಷ್ಟು ಚೆಲುವಾಗಿ ಕಾಣುವದಿಲ್ಲ. ಗೆರೆ ಹೊಡೆದ ಅಂಕಿಗಳಿಗಾಗಿ ಗುಣ ಕಳೆಯುವದನ್ನು ನಾವು ಬಿಟ್ಟಿದ್ದೇವೆ. ಅವರಲ್ಲಿ ಒಬ್ಬನು ನಾಳೆ ಯಾವದೋ ಕಾರ್ಖಾನೆಯ ಉಗಿಯ ಪೆಟ್ಟಿಗೆಯ ಮುಂದೆ ನಿಂತಾಗ, ಕೆಳಗಿನ ಗೆರೆ ಏರದಿದ್ದರೆ, ಅದನ್ನು ಹಾಗೆಯೇ ಬರೆದು ಮೇಲಿನವರಿಗೆ ತೋರಿಸಲಿ ಎಂಬುದು ನಮ್ಮ ಆಸೆ.